ಕಿಂಡಿ ಒಂದೇ, ಕೆಲಸ ಬೇರೆ ಬೇರೆ

ಇಂದು ಅಂಗಡಿಗೆ ಬರುವ ಹತ್ತು ಸಾವಿರ ರೂಪಾಯಿಯ ಆಂಡ್ರಾಯ್ಡ್ ಫೋನಿಗೂ ಲಕ್ಷ ರೂಪಾಯಿಯ ಫೋನಿಗೂ ಕೆಳಗಡೆ ಇರುವ ಟೈಪ್-ಸಿ ಕಿಂಡಿ ಒಂದೇ ಅಳತೆಯದು. ಒಂದರ ಕೇಬಲ್ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಆದರೆ ಕೂತ ಮೇಲೆ ಏನಾಗುತ್ತದೆ ಎಂಬುದು ಮಾತ್ರ ಕೊಂಡವನ ಅದೃಷ್ಟಕ್ಕೆ ಬಿಟ್ಟದ್ದು. ಒಂದು ಫೋನು ಪೆನ್‌ಡ್ರೈವನ್ನು ತಕ್ಷಣ ಗುರುತಿಸುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಒಂದು ಟಿ.ವಿ. ಪರದೆಗೆ ಚಿತ್ರ ಕಳಿಸುತ್ತದೆ, ಇನ್ನೊಂದು ಅದೇ ಕೇಬಲ್‌ನಲ್ಲಿ ಚಾರ್ಜ್ ಆಗುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ಒಂದೇ ಮಾದರಿಯ ನಲ್ಲಿಗಳನ್ನು ಬೀದಿಯುದ್ದಕ್ಕೂ ಹಾಕಿ, ಒಂದರಲ್ಲಿ ಕಾವೇರಿ ನೀರು, ಮತ್ತೊಂದರಲ್ಲಿ ಬೋರ್‌ವೆಲ್ ನೀರು, ಮೂರನೆಯದರಲ್ಲಿ ಬರೀ ಗಾಳಿ ಬಿಟ್ಟ ಹಾಗಿದೆ ಈ ಏರ್ಪಾಡು. ಸರ್ಕಾರಗಳು ಇಷ್ಟು ವರ್ಷ ಹೆಣಗಿದ್ದು ನಲ್ಲಿಯ ಆಕಾರವನ್ನು ಒಂದು ಮಾಡುವುದಕ್ಕೆ. ಇನ್ನು ಅದರಲ್ಲಿ ಏನು ಬರುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆಸುವ ಕಾಲ ಬಂದಿದೆ ಎಂಬುದು ನನ್ನ ವಾದ.

ಆಂಡ್ರಾಯ್ಡ್‌ಗೆ ಈ ಸಾಮರ್ಥ್ಯ ಹೊಸದೇನಲ್ಲ. ಯುಎಸ್‌ಬಿ ಜೋಡಣೆಯಲ್ಲಿ ಸದಾ ಒಬ್ಬ ಯಜಮಾನ, ಒಬ್ಬ ಆಳು. ವಿದ್ಯುತ್ ಕೊಡುವುದು, ಮಾತು ಶುರುಮಾಡುವುದು, ಮುಗಿಸುವುದು ಎಲ್ಲ ಯಜಮಾನನ ಕೆಲಸ. ಕಂಪ್ಯೂಟರಿಗೆ ಸಿಕ್ಕಿಸಿದಾಗ ಫೋನು ಆಳು. ಫೋನಿಗೆ ಪೆನ್‌ಡ್ರೈವ್ ಸಿಕ್ಕಿಸಿದಾಗ ಫೋನೇ ಯಜಮಾನ. ಹೀಗೆ ವೇಷ ಬದಲಿಸುವ ಓಟಿಜಿ ನಿಯಮಾವಳಿ 2001ರಲ್ಲೇ ಬಂದಿತ್ತು. 2011ರಲ್ಲಿ ಆಂಡ್ರಾಯ್ಡ್ 3.1 ಆವೃತ್ತಿಯೊಂದಿಗೆ ಗೂಗಲ್ ಅದನ್ನು ಆ್ಯಪ್ ಬರೆಯುವವರ ಕೈಗೆ ಕೊಟ್ಟಿತು. ಆಮೇಲೆ 5.0ರಲ್ಲಿ ಯುಎಸ್‌ಬಿ ಆಡಿಯೊ, 6.0ರಲ್ಲಿ ಸಂಗೀತದ ಕೀಬೋರ್ಡುಗಳಿಗೆ ಬೇಕಾದ ಮಿಡಿ, 14ರಲ್ಲಿ ಫೋನನ್ನೇ ಕಂಪ್ಯೂಟರಿನ ವೆಬ್‌ಕ್ಯಾಮ್ ಮಾಡುವ ಸೌಲಭ್ಯ ಒಂದೊಂದಾಗಿ ಸೇರಿದವು. ಆದರೆ ಆಂಡ್ರಾಯ್ಡ್ ಫೋನು ತಯಾರಿಸುವವರಿಗೆ ಗೂಗಲ್ ಹಾಕಿರುವ ನಿಯಮಗಳಲ್ಲಿ ಯಜಮಾನನ ಪಾತ್ರ ಕಡ್ಡಾಯವಲ್ಲ. ಇದ್ದರೆ ಹೀಗಿರಬೇಕು ಎಂದಿದೆ, ಇರಲೇಬೇಕು ಎಂದಿಲ್ಲ. ಇದ್ದ ಪಕ್ಷದಲ್ಲಿ ಆ ವಿಷಯವನ್ನು ಫೋನು ತನ್ನೊಳಗಿನ ಆ್ಯಪ್‌ಗಳಿಗೆ ಒಂದು ಗುರುತಿನ ಮೂಲಕ ಘೋಷಿಸಲೇಬೇಕು. ಅಂದರೆ ಈ ಪೋರ್ಟಿನಿಂದ ಏನಾಗುತ್ತದೆಂಬುದು ತಯಾರಕನಿಗೆ ಗೊತ್ತು, ಫೋನಿಗೆ ಗೊತ್ತು, ಫೋನಿನೊಳಗಿನ ಆ್ಯಪ್‌ಗೂ ಗೊತ್ತು. ಹಣ ಕೊಟ್ಟು ಕೊಂಡವನಿಗೆ ಮಾತ್ರ ಗೊತ್ತಿಲ್ಲ.

ಗೊತ್ತಿಲ್ಲದಿರುವುದರ ಬೆಲೆ ಸಣ್ಣದಲ್ಲ. ಒನ್‌ಪ್ಲಸ್, ಒಪ್ಪೊ ಕಂಪನಿಗಳ ಹಲವು ಮಾದರಿಗಳಲ್ಲಿ ಓಟಿಜಿ ಇದೆ, ಆದರೆ ಅದನ್ನು ಸೆಟ್ಟಿಂಗ್ಸ್‌ನ ಒಳಗೆಲ್ಲೋ ಹುಡುಕಿ ಆನ್ ಮಾಡಬೇಕು. ಹತ್ತು ನಿಮಿಷ ಬಳಸದಿದ್ದರೆ ತಾನಾಗಿಯೇ ಆಫ್ ಆಗುತ್ತದೆ. ಬ್ಯಾಟರಿ ಉಳಿಸುವುದಕ್ಕೆ ಇದು ಸರಿಯಾದ ಉಪಾಯವೇ. ಆದರೆ ಗೊತ್ತಿಲ್ಲದವರು ಪೆನ್‌ಡ್ರೈವ್ ಕೆಟ್ಟಿತೆಂದುಕೊಳ್ಳುತ್ತಾರೆ. ಹಾರ್ಡ್‌ಡಿಸ್ಕ್ ಸಿಕ್ಕಿಸಿದರೆ ಅದು ಟಿಕ್ ಟಿಕ್ ಎಂದು ನಿಂತುಬಿಡುತ್ತದೆ. ಅದರೊಳಗಿನ ತಟ್ಟೆ ತಿರುಗಲು ಬೇಕಾದಷ್ಟು ವಿದ್ಯುತ್ತನ್ನು ಫೋನು ಕೊಡುತ್ತಿರುವುದಿಲ್ಲ. ಇನ್ನು ವಿಂಡೋಸ್ ಕಂಪ್ಯೂಟರಿನಲ್ಲಿ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವನ್ನು ಬಹುಪಾಲು ಆಂಡ್ರಾಯ್ಡ್ ಫೋನುಗಳು ಓದುವುದೇ ಇಲ್ಲ. ಬದಲಾಗಿ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತವೆ. ಹೂಂ ಎಂದರೆ ಒಳಗಿದ್ದುದೆಲ್ಲ ಹೋಯಿತು. ಪೆಟ್ಟಿಗೆಯ ಮೇಲೊಂದು ಸಾಲಿದ್ದರೆ ತಪ್ಪುತ್ತಿದ್ದ ನಷ್ಟವಿದು.

ವೇಗದ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ಯುಎಸ್‌ಬಿ 2.0 ಎಂಬುದು 2000ದ ಇಸವಿಯದು, ಸೆಕೆಂಡಿಗೆ 480 ಮೆಗಾಬಿಟ್ ಅದರ ಮಿತಿ. 2008ರಲ್ಲಿ ಬಂದ 3.0 ಅದನ್ನು 5 ಗಿಗಾಬಿಟ್‌ಗೆ ಏರಿಸಿತು. 2014ರಲ್ಲಿ ಬಂದ ಟೈಪ್-ಸಿ ಇವೆರಡರಲ್ಲಿ ಯಾವುದೂ ಅಲ್ಲ. ಅದು ಬರೀ ಆಕಾರ. ಹಾಗಾಗಿಯೇ ಗ್ಯಾಲಕ್ಸಿ ಎಸ್23 ಮತ್ತು ಗ್ಯಾಲಕ್ಸಿ ಎ54 ಒಂದೇ ಕಂಪನಿಯವಾದರೂ, ಒಂದೇ ವರ್ಷ ಬಂದರೂ, ಒಂದರ ಪೋರ್ಟು 3.2, ಇನ್ನೊಂದರದು 2.0. ಮದುವೆ ಮನೆಯಲ್ಲಿ ತೆಗೆದ 100 ಗಿಗಾಬೈಟ್ ವಿಡಿಯೊವನ್ನು ಕಂಪ್ಯೂಟರಿಗೆ ಇಳಿಸಲು ಮೊದಲನೆಯದಕ್ಕೆ ಕಾಗದದ ಲೆಕ್ಕದಲ್ಲಿ ಮೂರು ನಾಲ್ಕು ನಿಮಿಷ ಸಾಕು, ಎರಡನೆಯದಕ್ಕೆ ಅರ್ಧ ಗಂಟೆಯ ಸಮೀಪ. ಕಾಗದದ ಲೆಕ್ಕ ಎಂದದ್ದಕ್ಕೆ ಕಾರಣವಿದೆ: ಫೋನಿನ ಜೊತೆ ಪೆಟ್ಟಿಗೆಯಲ್ಲಿ ಬರುವ ಕೇಬಲ್ ಹೆಚ್ಚಾಗಿ 2.0ದ್ದೇ ಆಗಿರುವುದರಿಂದ ದುಬಾರಿ ಫೋನೂ ಅದೇ ಕೇಬಲ್‌ನಲ್ಲಿ ಆಮೆಯ ನಡಿಗೆಗೆ ಇಳಿಯುತ್ತದೆ. ಪರದೆಗೆ ಚಿತ್ರ ಕಳಿಸುವ ಕತೆಯಂತೂ ವಿಚಿತ್ರ. 2023ರ ಅಕ್ಟೋಬರಿನಲ್ಲಿ ಬಂದ ಪಿಕ್ಸೆಲ್ 8ರಲ್ಲಿ ಅದಕ್ಕೆ ಬೇಕಾದ ಯಂತ್ರಾಂಶ ಇದ್ದೇ ಇತ್ತು, ತಂತ್ರಾಂಶದಲ್ಲಿ ಮುಚ್ಚಿಟ್ಟಿದ್ದರು. 2024ರ ಜೂನ್ ಅಪ್‌ಡೇಟ್‌ನಲ್ಲಿ ಅದು ತೆರೆದುಕೊಂಡಿತು. ಎಂಟು ತಿಂಗಳು ಜನ ತಮ್ಮದೇ ಜೇಬಿನಲ್ಲಿದ್ದ ಸೌಲಭ್ಯವನ್ನು ಬಳಸಲಾಗದೆ ಕಳೆದರು. ಆಂಡ್ರಾಯ್ಡನ್ನು ರೂಪಿಸುವ ಕಂಪನಿಯ ಸ್ವಂತ ಫೋನಿನ ಸ್ಥಿತಿಯೇ ಹೀಗಿದ್ದರೆ ಮಿಕ್ಕವರದ್ದು ಹೇಳುವುದೇನು.

ಚಾರ್ಜಿಂಗ್ ಒಂದಾದರೂ ಸರಿಹೋಯಿತೇ ಎಂದರೆ, ಅರ್ಧ. ಯುರೋಪಿನ ಒಕ್ಕೂಟ 2022ರಲ್ಲಿ ಮಾಡಿದ ಕಾನೂನು 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಫೋನುಗಳಿಗೆ ಟೈಪ್-ಸಿಯನ್ನು ಕಡ್ಡಾಯ ಮಾಡಿತು. ಆ ಕಾನೂನಿನ ಜಾಣತನ ಆಕಾರದಲ್ಲಿಲ್ಲ, ಅದರ ಎರಡನೇ ಭಾಗದಲ್ಲಿದೆ. ವೇಗದ ಚಾರ್ಜಿಂಗ್ ಇದ್ದರೆ ಎಲ್ಲರಿಗೂ ಸಮಾನವಾದ ಪವರ್ ಡೆಲಿವರಿ ವಿಧಾನವನ್ನೂ ಬೆಂಬಲಿಸಬೇಕು. ಎಷ್ಟು ವಾಟ್ ಬೇಕೆಂಬುದನ್ನು ಪೆಟ್ಟಿಗೆಯ ಮೇಲೆ ಚಿತ್ರದ ಸಮೇತ ಮುದ್ರಿಸಬೇಕು. ನಮ್ಮಲ್ಲಿ 80 ವಾಟ್ ಎಂದು ದೊಡ್ಡಕ್ಷರದಲ್ಲಿ ಜಾಹೀರಾತಾಗುವ ಫೋನು ತನ್ನದೇ ಚಾರ್ಜರ್, ತನ್ನದೇ ಕೇಬಲ್ ಇದ್ದಾಗ ಮಾತ್ರ ಆ ವೇಗ ತೋರಿಸುತ್ತದೆ. ಬೇರೆ ಕಂಪನಿಯ ಒಳ್ಳೆಯ ಚಾರ್ಜರ್ ಹಾಕಿದರೆ ವೇಗ ಎಷ್ಟೋ ಪಾಲು ಕುಸಿಯುತ್ತದೆ. ಈ ಕುಸಿತದ ಅಂಕಿ ಮಾತ್ರ ಯಾವ ಜಾಹೀರಾತಿನಲ್ಲೂ ಕಾಣುವುದಿಲ್ಲ. ಕೇಬಲ್‌ಗಳ ಸಂಗತಿ ಇನ್ನೂ ಕೆಟ್ಟದ್ದು. ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲೆಯುಂಗ್ 2015ರಲ್ಲಿ ಅಮೆಜಾನ್‌ನಲ್ಲಿ ಮಾರಾಟವಾಗುತ್ತಿದ್ದ ಟೈಪ್-ಸಿ ಕೇಬಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸತೊಡಗಿದರು. 56 ಕಿಲೊಓಮ್ ರೆಸಿಸ್ಟರ್ ಇರಬೇಕಾದ ಕಡೆ 10 ಕಿಲೊಓಮ್‌ನದ್ದು ಹಾಕಿ ಮಾರುತ್ತಿದ್ದವರು ಬಯಲಿಗೆ ಬಂದರು. ತಪ್ಪಾಗಿ ಬೆಸೆದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಬಲಿ ತೆಗೆದುಕೊಂಡಿತು. 2016ರಲ್ಲಿ ಅಮೆಜಾನ್ ಮಾನಕಕ್ಕೆ ಹೊಂದದ ಕೇಬಲ್‌ಗಳನ್ನು ನಿಷೇಧಿಸಿತು. ನಮ್ಮ ಫುಟ್‌ಪಾತ್ ಮಾರುಕಟ್ಟೆಗೆ ಆ ನಿಷೇಧ ಇನ್ನೂ ತಲುಪಿಲ್ಲ ಬಿಡಿ.

ಇದೆಲ್ಲ ತಂತ್ರಜ್ಞಾನದ ಹುಚ್ಚು ಹಿಡಿದವರ ಗೋಳು, ಸಾಮಾನ್ಯರಿಗೆ ಚಾರ್ಜ್ ಆದರೆ ಸಾಕು ಎನ್ನುವವರಿದ್ದಾರೆ. ನನ್ನ ಪ್ರಕಾರ ಸತ್ಯ ಇದರ ತದ್ವಿರುದ್ಧ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಷ್ಟು ಕಡೆ, ಪಟ್ಟಣಗಳಲ್ಲಿ ಶೇ 23.4. ಲ್ಯಾಪ್‌ಟಾಪ್ ಇರುವವನಿಗೆ ಫೋನಿನ ಪೋರ್ಟು ನಿಜಕ್ಕೂ ಅಷ್ಟು ಮುಖ್ಯವಲ್ಲ, ಅವನಿಗೆ ಬೇರೆ ದಾರಿಯಿದೆ. ಫೋನೇ ಮನೆಯ ಏಕೈಕ ಕಂಪ್ಯೂಟರ್ ಆಗಿರುವ ಹುಡುಗಿಗೆ, ಅದಕ್ಕೊಂದು ಕೀಬೋರ್ಡ್, ಒಂದು ಹಳೆಯ ಮಾನಿಟರ್ ಜೋಡಿಸಬಹುದೋ ಇಲ್ಲವೋ ಎಂಬುದು ಪ್ರಾಜೆಕ್ಟ್ ವರದಿ ಮನೆಯಲ್ಲೇ ಟೈಪ್ ಮಾಡುವುದೋ ಸೈಬರ್ ಅಂಗಡಿಗೆ ದುಡ್ಡು ಸುರಿಯುವುದೋ ಎಂಬ ಪ್ರಶ್ನೆ. ಹಳ್ಳಿಗಳಲ್ಲಿ ಆಧಾರ್ ಆಧಾರಿತ ಹಣ ಪಾವತಿ ನಡೆಸುವ ಬ್ಯಾಂಕ್ ಪ್ರತಿನಿಧಿಗಳ ಜೀವನವೇ ಈ ಕಿಂಡಿಯ ಮೇಲೆ ನಿಂತಿದೆ. ಪಿಂಚಣಿಯ ಅಜ್ಜಿ ಥಂಬ್ ಕೊಡುವ ಪುಟ್ಟ ಯಂತ್ರ ಓಟಿಜಿ ಮೂಲಕ ಫೋನಿಗೆ ಸೇರಬೇಕು, ಯುಐಡಿಎಐ ಒಪ್ಪಿದ ಆರ್‌ಡಿ ಸರ್ವಿಸ್ ಆ್ಯಪ್ ಅದನ್ನು ಗುರುತಿಸಬೇಕು, ಅಲ್ಲಿಂದ ಮುಂದೆ ಹಣ. ಯಂತ್ರ ಕನೆಕ್ಟ್ ಆಗದಿದ್ದರೆ ‘ಸರ್ವರ್ ಇಲ್ಲ, ನಾಳೆ ಬಾ ಅಜ್ಜಿ’ ಎಂದು ಕಳಿಸುವುದೇ ಸುಲಭ. ಅದು ಸರ್ವರ್‌ನ ತಪ್ಪೋ, ಸಾಕಷ್ಟು ವಿದ್ಯುತ್ ಕೊಡದ ಪೋರ್ಟಿನ ತಪ್ಪೋ ಎಂದು ಅಜ್ಜಿಗೆ ತಿಳಿಯುವ ದಾರಿಯಿಲ್ಲ. ಮೊಬೈಲ್ ರಿಪೇರಿ ಅಂಗಡಿಯವರಿಗೂ ಇದರ ಬೆಲೆ ಗೊತ್ತು. ಡಿಸ್‌ಪ್ಲೇ ಒಡೆದು ಟಚ್ ಸತ್ತ ಫೋನಿಗೆ ಓಟಿಜಿಯಲ್ಲಿ ಮೌಸ್ ಸಿಕ್ಕಿಸಿ ಅನ್‌ಲಾಕ್ ಮಾಡಿ ಫೋಟೊಗಳನ್ನು ಉಳಿಸಿಕೊಡುವುದು ಅವರ ದಿನನಿತ್ಯದ ಕೆಲಸ. ಪರದೆ ಪೂರ್ತಿ ಕಪ್ಪಾಗಿದ್ದರೆ ಹೊರಗಿನ ಪರದೆಗೆ ಚಿತ್ರ ಕಳಿಸಬಲ್ಲ ಫೋನು ಮಾತ್ರ ಬದುಕುತ್ತದೆ.

ವೈರ್‌ಲೆಸ್ ಕಾಲದಲ್ಲಿ ವೈರಿನ ಚಿಂತೆ ಏಕೆ ಎಂಬ ಪ್ರಶ್ನೆಗೂ ಇಲ್ಲಿಯೇ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ಇಷ್ಟು: ಬ್ಲೂಟೂತ್ ಮೂಲಕ ಹಾದ ಸ್ವರ ತಡವಾಗಿ ಕೇಳುತ್ತದೆ, ಆದ್ದರಿಂದ ಕೀಬೋರ್ಡ್ ನುಡಿಸುವವರಿಗೆ ವೈರೇ ಬೇಕು; ಬ್ಲೂಟೂತ್‌ನಲ್ಲಿ ವಿದ್ಯುತ್ ಸಾಗುವುದಿಲ್ಲ, ಆದ್ದರಿಂದ ಫೋನಿನಿಂದಲೇ ವಿದ್ಯುತ್ ಪಡೆಯುವ ಥಂಬ್ ಯಂತ್ರಕ್ಕೂ ವೈರೇ ಬೇಕು.

ತಯಾರಕರ ಆಕ್ಷೇಪದಲ್ಲಿ ನ್ಯಾಯವಿದೆ. ಅಗ್ಗದ ಫೋನಿನ ಚಿಪ್‌ಗಳಲ್ಲಿ 2.0 ಮಾತ್ರ ಇರುತ್ತದೆ, ವೇಗದ ಪೋರ್ಟು ಕಡ್ಡಾಯ ಮಾಡಿದರೆ ಬೆಲೆ ಏರುತ್ತದೆ, ಆ ಹೊರೆ ಬಡವನ ಮೇಲೆಯೇ ಬೀಳುತ್ತದೆ. ಯುಎಸ್‌ಬಿ 3.0 ಹೊಮ್ಮಿಸುವ ಗದ್ದಲ 2.4 ಗಿಗಾಹರ್ಟ್ಸ್ ರೇಡಿಯೊಗೆ ಅಡ್ಡ ಬರುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದಿತ್ತು, ಅದಕ್ಕೆ ತಡೆ ಕಟ್ಟುವುದಕ್ಕೂ ಖರ್ಚಿದೆ. ಹಾಗಾಗಿ ಎಲ್ಲರಿಗೂ ಎಲ್ಲವನ್ನೂ ಕೊಡಿ ಎಂಬುದು ನನ್ನ ಬೇಡಿಕೆಯಲ್ಲ. ಕೊಡದಿದ್ದರೆ ಕೊಟ್ಟಿಲ್ಲವೆಂದು ಹೇಳಿ. ಮುದ್ರಣದ ಶಾಯಿಗೆ ಎಷ್ಟು ಖರ್ಚಾದೀತು? ಯುಎಸ್‌ಬಿ ಹೆಸರುಗಳೇ ಗೋಜಲು, ಓದಿದರೂ ಜನಕ್ಕೆ ಅರ್ಥವಾಗದು ಎಂಬ ಮಾತೂ ಇದೆ. ಒಂದೇ 5 ಗಿಗಾಬಿಟ್ ವೇಗಕ್ಕೆ 3.0, 3.1 ಜೆನ್ 1, 3.2 ಜೆನ್ 1 ಎಂದು ಮೂರು ಸಲ ನಾಮಕರಣ ಮಾಡಿದ ಸಂಸ್ಥೆಯ ವಿಷಯದಲ್ಲಿ ಆ ದೂರು ಸರಿಯೇ. ಆದರೆ ಅದೇ ಸಂಸ್ಥೆ 2022ರಲ್ಲಿ ಆ ಹೆಸರುಗಳನ್ನು ಗ್ರಾಹಕರ ಮುಂದೆ ಬಳಸುವುದು ಬೇಡ, ನೇರವಾಗಿ ವೇಗದ ಅಂಕಿ ಬರೆಯಿರಿ ಎಂದಿತು. ‘ಪೆನ್‌ಡ್ರೈವ್ ಸೇರುತ್ತದೆ, ಟಿ.ವಿ.ಗೆ ಚಿತ್ರ ಹೋಗುವುದಿಲ್ಲ; ಬೇರೆ ಚಾರ್ಜರಿನಲ್ಲಿ ಇಂತಿಷ್ಟು ವಾಟ್’ ಎಂದು ಕನ್ನಡದಲ್ಲಿ ಬರೆದರೆ ಏಳನೇ ತರಗತಿಯ ಮಗುವಿಗೂ ತಿಳಿಯುತ್ತದೆ.

ಭದ್ರತೆಯ ಆಕ್ಷೇಪ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ತೆರೆದ ಪೋರ್ಟು ಕಳ್ಳನಿಗೂ ತೆರೆದಿರುತ್ತದೆ. ಸಾರ್ವಜನಿಕ ಚಾರ್ಜಿಂಗ್ ಪಾಯಿಂಟಿನಿಂದ ಮಾಹಿತಿ ಕದಿಯುವ ಜ್ಯೂಸ್ ಜ್ಯಾಕಿಂಗ್ ಬಗ್ಗೆ ರಿಸರ್ವ್ ಬ್ಯಾಂಕಿನ 2022ರ ಜಾಗೃತಿ ಕೈಪಿಡಿಯಲ್ಲೂ ಎಚ್ಚರಿಕೆಯಿದೆ. ಆಂಡ್ರಾಯ್ಡ್ 6.0ರಿಂದ ಈಚೆಗೆ ಕಂಪ್ಯೂಟರಿಗೆ ಸಿಕ್ಕಿಸಿದ ಫೋನು ಮೊದಲು ಚಾರ್ಜ್ ಮಾತ್ರ ಆಗುತ್ತದೆ, ಮಾಲೀಕ ಒಪ್ಪಿದರಷ್ಟೇ ಫೈಲುಗಳನ್ನು ತೋರಿಸುತ್ತದೆ. ಈ ಒಪ್ಪಿಗೆಯ ಗೋಡೆಯನ್ನೂ ದಾಟಬಹುದೆಂದು 2025ರಲ್ಲಿ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಚಾರ್ಜರ್ ಒಂದು ಗಳಿಗೆ ಕೀಬೋರ್ಡಿನ ವೇಷ ಹಾಕಿ, ಫೋನು ಕೇಳುವ ಪ್ರಶ್ನೆಗೆ ತಾನೇ ‘ಆಗಲಿ’ ಎಂದು ಒತ್ತಿಬಿಡುತ್ತದೆ. ಅದೇ ವರ್ಷ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಹೊರಹಾಕಿದ ವರದಿಯಲ್ಲಿ ಸರ್ಬಿಯಾದ ವಿದ್ಯಾರ್ಥಿ ಹೋರಾಟಗಾರನೊಬ್ಬನ ಲಾಕ್ ಆದ ಆಂಡ್ರಾಯ್ಡ್ ಫೋನನ್ನು ಅಲ್ಲಿನ ಅಧಿಕಾರಿಗಳು ಸೆಲೆಬ್ರೈಟ್ ಉಪಕರಣದಿಂದ ಬಿಡಿಸಿದ ವಿವರವಿತ್ತು. ದಾರಿ ಯಾವುದೆಂದರೆ ಲಿನಕ್ಸ್ ಕರ್ನಲ್‌ನಲ್ಲಿದ್ದ ಯುಎಸ್‌ಬಿ ಡ್ರೈವರ್‌ಗಳ ದೋಷ. ಈ ಪ್ರಸಂಗವನ್ನು ಎರಡು ಬಗೆಯಲ್ಲಿ ಓದಬಹುದು. ಪೋರ್ಟನ್ನು ಮುಚ್ಚಿಬಿಡಿ ಎಂಬುದು ಒಂದು. ನನಗೆ ಕಾಣುವುದು ಇನ್ನೊಂದು: ಲಾಕ್ ಆದ ಫೋನೂ ಹೊರಗಿನ ಸಾಧನಗಳ ಜೊತೆ ಮಾತಿಗಿಳಿಯುತ್ತದೆ ಎಂಬುದು ಅದರ ಮಾಲೀಕರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಗೊತ್ತಿಲ್ಲದ ಬಾಗಿಲಿಗೆ ಯಾರೂ ಬೀಗ ಹಾಕಲಾರರು. ಆಂಡ್ರಾಯ್ಡ್ 16ರ ‘ಅಡ್ವಾನ್ಸ್ಡ್ ಪ್ರೊಟೆಕ್ಷನ್’ ವ್ಯವಸ್ಥೆಯಲ್ಲಿ ಲಾಕ್ ಆದಾಗ ಹೊಸ ಯುಎಸ್‌ಬಿ ಸಾಧನಗಳನ್ನು ತಡೆಯುವ ಏರ್ಪಾಡು ಸೇರಿದೆ. ಈ ಬೀಗ ಯಾವ ಫೋನಿನಲ್ಲಿದೆ, ಯಾವುದರಲ್ಲಿಲ್ಲ ಎಂಬುದೂ ಪೆಟ್ಟಿಗೆಯ ಮೇಲೆ ಬರಬೇಕಾದ ಸಾಲೇ. ತಿಳಿಸುವುದರಿಂದ ಪೋರ್ಟು ಹೆಚ್ಚು ತೆರೆಯುವುದಿಲ್ಲ. ಮಾಲೀಕನ ಕೈಗೆ ಅಗುಳಿ ಸಿಗುತ್ತದೆ.

ಇದಕ್ಕೆ ನಮ್ಮಲ್ಲಿ ಪೂರ್ವ ನಿದರ್ಶನ ಇಲ್ಲದಿಲ್ಲ. ಫ್ರಿಜ್ಜಿನ ಮೇಲೆ ನಕ್ಷತ್ರಗಳ ಚೀಟಿ ಅಂಟಿಸಿದ ಮೇಲೆ ಜನ ಕರೆಂಟ್ ಬಿಲ್ಲಿನ ಲೆಕ್ಕ ಹಾಕಿ ಕೊಳ್ಳಲು ಕಲಿತರು. ಫೋನಿನ ವಿಕಿರಣದ ಮಟ್ಟ ತಿಳಿಯಲು *#07# ಒತ್ತಿದರೆ ಸಾಕು. ಪೊಟ್ಟಣದ ಮೇಲೆ ಎಂಆರ್‌ಪಿ, ತಯಾರಾದ ದೇಶ ಬರೆಯಬೇಕೆಂಬ ನಿಯಮವೂ ಇದೆ. ಟೈಪ್-ಸಿಗೆ ಭಾರತೀಯ ಮಾನಕ ಬ್ಯೂರೋ 2023ರ ಜನವರಿಯಲ್ಲಿ ಮಾನಕ ಪ್ರಕಟಿಸಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಫೋನುಗಳಿಗೆ ದುರಸ್ತಿ ಸೂಚ್ಯಂಕ ತರುವುದಕ್ಕೆ 2024ರಲ್ಲಿ ಸಮಿತಿ ನೇಮಿಸಿತು, 2025ರ ಮೇ ತಿಂಗಳಲ್ಲಿ ಅದರ ವರದಿಯೂ ಇಲಾಖೆಯ ಕೈಸೇರಿತು. ಆ ಸೂಚ್ಯಂಕದ ಚೀಟಿ ಪೆಟ್ಟಿಗೆಯ ಮೇಲೆ ಅಂಟುವ ದಿನ, ಡಿಸ್‌ಪ್ಲೇ ಒಡೆದರೆ ಈ ಪೋರ್ಟಿನಿಂದ ಫೋಟೊಗಳು ಹೊರಬರುತ್ತವೆಯೇ ಎಂಬುದಕ್ಕೂ ಅದರಲ್ಲಿ ಉತ್ತರ ಇರುವಂತೆ ಈಗಲೇ ಇಲಾಖೆಗೆ ಬರೆದು ಕೇಳಬೇಕು, ಚೀಟಿ ಅಚ್ಚಾದ ಮೇಲಲ್ಲ.