ಮೊದಲ ಸಂಬಳಕ್ಕೆ ಮುಂಚಿನ ನಲವತ್ತು ದಿನಗಳು

ಪರೀಕ್ಷೆಗಳ ಫಲಿತಾಂಶ ಪ್ರಕಟವಾಗಿ, ನಮ್ಮ ಕನ್ನಡ ಶಾಲೆಗಳಲ್ಲಿ ಕಲಿತು ಪದವಿ ಮುಗಿಸಿದ ಹಲವು ಮಕ್ಕಳು ಈಗ ಉದ್ಯೋಗಕ್ಕೆ ಹೊರಟಿದ್ದಾರೆ. ಕುಂಬಳೆ, ಉಪ್ಪಳ, ಮಂಜೇಶ್ವರದ ನಿಲ್ದಾಣಗಳಲ್ಲಿ ಮಂಗಳೂರಿನ ಬೆಳಗಿನ ಗಾಡಿಗೆ ಕಾಯುವವರ ನಡುವೆ ಹೊಸ ಮುಖಗಳು ಕಾಣುತ್ತಿವೆ. ಕೆಲಸ ದೊರೆತ ಸಂತೋಷದಲ್ಲಿ ಹೆತ್ತವರು ಕೇಳಲು ಮರೆಯುವ ಪ್ರಶ್ನೆಯೊಂದಿದೆ: ಮೊದಲ ಸಂಬಳ ಕೈಗೆ ಬರುವುದು ಎಂದು?

ತಿಂಗಳ ಕೊನೆಯಲ್ಲಿ ಎಂಬ ಉತ್ತರ ಎಲ್ಲ ಕಡೆಯೂ ನಿಜವಲ್ಲ. ಕೆಲವು ಸಂಸ್ಥೆಗಳು ಇಪ್ಪತ್ತನೆಯ ತಾರೀಕಿನ ಸುಮಾರಿಗೆ ಹಾಜರಿಯ ಲೆಕ್ಕವನ್ನು ಮುಚ್ಚುತ್ತವೆ. ಅನಂತರ ಸೇರಿದವರ ವೇತನ ಮುಂದಿನ ತಿಂಗಳಿಗೆ ಹೋಗುತ್ತದೆ. ಹೀಗೆ ಮೂವತ್ತು, ಕೆಲವೊಮ್ಮೆ ನಲವತ್ತು ದಿನ ರೈಲಿನ ಸೀಸನ್ ಟಿಕೆಟು, ಮಧ್ಯಾಹ್ನದ ಊಟ, ದೂರದೂರಾದರೆ ಕೋಣೆಯ ಮುಂಗಡ ಎಲ್ಲವೂ ಮನೆಯ ಹಣದಿಂದಲೇ ನಡೆಯಬೇಕು. ಅಡಿಕೆ ಮಾರಿ ಬಂದುದು ಕಾಲೇಜಿನ ಕೊನೆಯ ಶುಲ್ಕಕ್ಕೇ ತೀರಿಹೋದ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಬಂದ ಮೇಲೂ ಅದು ನೇಮಕಪತ್ರದಲ್ಲಿ ಕಂಡಷ್ಟು ಇರುವುದಿಲ್ಲ. ಅಲ್ಲಿ ಬರೆದ ವಾರ್ಷಿಕ ಮೊತ್ತ ಸಾಮಾನ್ಯವಾಗಿ ಸಿ.ಟಿ.ಸಿ., ಅಂದರೆ ಸಂಸ್ಥೆ ನಿಮಗಾಗಿ ವ್ಯಯಿಸುವ ಒಟ್ಟು ಹಣ. ಸಂಸ್ಥೆ ಕಟ್ಟುವ ಭವಿಷ್ಯನಿಧಿಯ ಪಾಲೂ ಹೆಚ್ಚಿನ ಕಡೆ ಅದರಲ್ಲೇ ಸೇರಿರುತ್ತದೆ. ನಿಮ್ಮ ಪಾಲಾದ ಶೇಕಡಾ 12 ಮೂಲವೇತನದಿಂದ ಕಡಿತವಾಗುತ್ತದೆ. ಗ್ರಾಚ್ಯುಯಿಟಿಯನ್ನೂ ಅದರಲ್ಲಿ ಸೇರಿಸುವವರಿದ್ದಾರೆ. ಅದಂತೂ ತಿಂಗಳುತಿಂಗಳು ಕೈಗೆ ಬರುವ ಹಣವಲ್ಲ. ಆದುದರಿಂದ ವಾರ್ಷಿಕ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ಸಾಲದ ಕಂತು ನಿಶ್ಚಯಿಸುವುದು ಅಪಾಯಕರ.

ಈ ಹಣದ ಕೊರತೆಗೆ ಕಂಪ್ಯೂಟರಿನ ತೊಂದರೆಯೂ ಕೂಡಿಕೊಂಡರೆ ಏನಾಗುತ್ತದೆಂಬುದನ್ನು ಪರಿಚಿತರ ಮನೆಯೊಂದರಲ್ಲಿ ಕಂಡೆ. ಮಂಗಳೂರಿನ ಕಚೇರಿಯೊಂದಕ್ಕೆ ಸೇರಿದ ಹುಡುಗಿಗೆ ಹಳೆಯ ಕನ್ನಡ ಪತ್ರಗಳನ್ನು ತಿದ್ದಿ ಕಳುಹಿಸುವ ಕೆಲಸ ಒಪ್ಪಿಸಿದ್ದರು. ಕಡತ ತೆರೆದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ರೋಮನ್ ಅಕ್ಷರಗಳ ರಾಶಿ! ಯಾರನ್ನೂ ಕೇಳದೆ ಅಚ್ಚಾದ ಪ್ರತಿಗಳನ್ನು ನೋಡಿ ಅವಳು ಒಂದೊಂದನ್ನೇ ಹೊಸದಾಗಿ ಬೆರಳಚ್ಚಿಸಿದಳು. ಕೆಲಸ ಹಿಂದೆ ಬಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದಲೇ ತನಗೆ ಕಂಪ್ಯೂಟರು ಒಲಿಯುತ್ತಿಲ್ಲವೆಂದು ತಾಯಿಯೊಡನೆ ಅತ್ತಳಂತೆ. ರಾತ್ರಿ ಮನೆಯಲ್ಲಿಯೂ ದುಡಿಯುವುದಕ್ಕೆಂದು ಲ್ಯಾಪ್‌ಟಾಪ್ ಕೊಳ್ಳಲು ಮೊಬೈಲಿನ ಆ್ಯಪ್ ಒಂದರಲ್ಲಿ ನಲವತ್ತು ಸಾವಿರ ರೂಪಾಯಿ ಸಾಲಕ್ಕೆ ಅರ್ಜಿಯನ್ನೂ ತುಂಬಿದ್ದಳು.

ದೋಷವಿದ್ದುದು ಅವಳ ಕಲಿಕೆಯಲ್ಲಲ್ಲ, ಕಡತದಲ್ಲಿ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ವೇಷ ಕಳಚಿ ರೋಮನ್ ಅಕ್ಷರಗಳೇ ಕಾಣಿಸುತ್ತವೆ. ಯೂನಿಕೋಡ್‌ನಲ್ಲಾದರೆ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಕೇತವಿದೆ. ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಒಂದು ಪತ್ರಕ್ಕೆ ಒಂದು ನಿಮಿಷವೂ ಬೇಡ. ಪರಿವರ್ತನೆಯ ಬಳಿಕ ಒತ್ತಕ್ಷರ, ಅರ್ಕಾವತ್ತುಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ನೋಡಬೇಕು. ಕಚೇರಿಯ ಗುಟ್ಟಿನ ಕಾಗದಗಳನ್ನು ಅಂತರ್ಜಾಲದ ಪರಿವರ್ತಕಕ್ಕೆ ಹಾಕದೆ, ಯಂತ್ರದಲ್ಲಿಯೇ ಸ್ಥಾಪಿಸಿದ ಸಾಧನವನ್ನು ಬಳಸುವುದು ಲೇಸು.

ಇನ್ನೊಂದು ಮಾತು. ಕೇರಳದ ಶಾಲೆಗಳಲ್ಲಿ ನಮ್ಮ ಮಕ್ಕಳು ಕಲಿತದ್ದು ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶದಲ್ಲಿ. ಕಚೇರಿಗಳಲ್ಲಿ ಬಹುಮಟ್ಟಿಗೆ ಇರುವುದು ವಿಂಡೋಸ್. ಕರ್ನಾಟಕದಲ್ಲಿ ರೂಢಿಯಾದ ನುಡಿಯ ಕೀಲಿಮಣೆ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ್ದು. ಇನ್‌ಸ್ಕ್ರಿಪ್ಟ್ ರೂಢಿಯಾದ ಬೆರಳುಗಳು ಅಲ್ಲಿ ತಡವರಿಸುವುದು ಸಹಜ. ವಿಂಡೋಸ್‌ನಲ್ಲಿಯೂ ಕನ್ನಡ ಇನ್‌ಸ್ಕ್ರಿಪ್ಟ್ ಇದೆ, ಭಾಷೆಯ ಸೆಟ್ಟಿಂಗ್‌ನಲ್ಲಿ ಸೇರಿಸಿಕೊಂಡರಾಯಿತು. ಪರಿಚಯವಿಲ್ಲದಿರುವುದು ಬೇರೆ, ಬಾರದಿರುವುದು ಬೇರೆ. ಎರಡನ್ನೂ ಒಂದೇ ಎಂದುಕೊಂಡು ಕುಗ್ಗುವ ಮಕ್ಕಳಿಗೆ ಇದನ್ನು ಹೇಳಬೇಕಾದವರು ಮನೆಯವರೂ ಹಳೆಯ ಅಧ್ಯಾಪಕರೂ.

ಸಾಲದ ವಿಷಯಕ್ಕೆ ಬರೋಣ. ನಲವತ್ತು ಸಾವಿರಕ್ಕೆ ಶೇಕಡಾ 12ರ ಸ್ಥಿರ ಬಡ್ಡಿ, ಒಂದು ವರ್ಷದ ಅವಧಿ ಎನ್ನೋಣ. ಬಡ್ಡಿ 4,800 ರೂಪಾಯಿ; ತಿಂಗಳ ಕಂತು ಸುಮಾರು 3,733. ಅಸಲು ಪ್ರತಿ ತಿಂಗಳೂ ಇಳಿಯುತ್ತಿದ್ದರೂ ಬಡ್ಡಿಯನ್ನು ಪೂರ್ತಿ ನಲವತ್ತು ಸಾವಿರದ ಮೇಲೆಯೇ ಎಣಿಸಿರುವುದರಿಂದ, ಇಳಿಯುವ ಬಾಕಿಯ ಲೆಕ್ಕದಲ್ಲಿ ನಿಜವಾದ ದರ ಶೇಕಡಾ 21ನ್ನು ಮೀರುತ್ತದೆ. ಸಂಸ್ಕರಣಾ ಶುಲ್ಕ ಸೇರಿದರೆ ಇನ್ನೂ ಹೆಚ್ಚು. ಬ್ಯಾಂಕು, ಹಣಕಾಸು ಸಂಸ್ಥೆಗಳು ಇಂಥ ಸಾಲಗಳಿಗೆ ಎಲ್ಲ ವೆಚ್ಚ ಸೇರಿದ ವಾರ್ಷಿಕ ದರವನ್ನು ಮುಖ್ಯಾಂಶಗಳ ಪತ್ರವೊಂದರಲ್ಲಿ ಮೊದಲೇ ತಿಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಪತ್ರವನ್ನು ಕೊಡದವರಲ್ಲಿ, ಅಥವಾ ಸಾಲ ಕೊಡಲು ಮೊಬೈಲಿನಲ್ಲಿರುವ ಬಂಧುಮಿತ್ರರ ನಂಬರುಗಳನ್ನು ನೋಡಲು ಅನುಮತಿ ಕೇಳುವವರಲ್ಲಿ ವ್ಯವಹಾರ ಬೇಡವೇ ಬೇಡ. ಈಗಾಗಲೇ ಹಣದ ವಂಚನೆಗೆ ಸಿಲುಕಿದ್ದರೆ 1930ಕ್ಕೆ ಒಡನೆ ಕರೆಮಾಡಿ. ತಡವಾದಷ್ಟೂ ಹಣ ಕೈತಪ್ಪುತ್ತದೆ.

ಸಾಲ ಅನಿವಾರ್ಯವೇ ಆದರೆ ಊರಿನ ಸೇವಾ ಸಹಕಾರಿ ಬ್ಯಾಂಕಿನಲ್ಲಿ ವಿಚಾರಿಸಬಹುದು. ತಾಯಿ ಕುಟುಂಬಶ್ರೀ ಘಟಕದ ಸದಸ್ಯೆಯಾಗಿದ್ದರೆ ಅಲ್ಲಿನ ಉಳಿತಾಯದಿಂದ ಸಣ್ಣ ಸಾಲ ದೊರೆತೀತು. ನೆರೆಕರೆಯವರಿಗೆ ತಿಳಿಯುತ್ತದೆಂಬ ಸಂಕೋಚದಿಂದ ಆ್ಯಪ್‌ನ ಮೊರೆಹೋಗುವವರೇ ಹೆಚ್ಚು. ಕಂತು ತಪ್ಪಿದಾಗ ಮೊಬೈಲಿನಲ್ಲಿರುವ ಎಲ್ಲರಿಗೂ ತಿಳಿಸುವುದು ಅಂಥ ಕೆಲವು ಆ್ಯಪ್‌ಗಳ ವಸೂಲಿಯ ಕ್ರಮವೇ ಆಗಿದೆ. ನಾನು ಹೇಳಿದ ಹುಡುಗಿಗೆ ಲ್ಯಾಪ್‌ಟಾಪ್ ಬೇಕಾಗಲೇ ಇಲ್ಲ. ಕಚೇರಿಯ ಹಿರಿಯರೊಬ್ಬರಿಗೆ ತೊಂದರೆಯನ್ನು ಹೇಳಿಕೊಂಡಳು, ಪರಿವರ್ತಕ ಹಾಕಿಸಿಕೊಟ್ಟರು. ಅರ್ಜಿಯನ್ನು ಅರ್ಧದಲ್ಲೇ ಬಿಟ್ಟಳು. ರೈಲಿನ ಸೀಸನ್ ಟಿಕೆಟಿಗೆ ಮಾತ್ರ ಸೋದರಮಾವನಿಂದ ಕೈಗಡ ಪಡೆದಿದ್ದಾಳೆ.

ಭವಿಷ್ಯನಿಧಿಯ ಖಾತೆ ತೆರೆಯುವ ಮೊದಲು ಒಂದು ಎಚ್ಚರ. ನಮ್ಮ ಕಡೆಯ ಮಕ್ಕಳ ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಹೆಸರಿನೊಡನೆ ಇನಿಶಿಯಲ್ ಮಾತ್ರ ಇದ್ದು, ಆಧಾರ್‌ನಲ್ಲಿ ಅದು ಮನೆಯ ಹೆಸರಾಗಿ ಬಿಡಿಸಿಕೊಂಡಿರುವುದುಂಟು. ಮಲಯಾಳದಿಂದ ಇಂಗ್ಲಿಷಿಗೆ ಬರೆಯುವಾಗ ಕಾಗುಣಿತ ಬದಲಾದುದೂ ಉಂಟು. ಹೆಸರು ಹೊಂದದಿದ್ದರೆ ಮುಂದೆ ಹಣ ತೆಗೆಯುವಾಗ ತೊಡಕಾಗುತ್ತದೆ. ಆಧಾರ್, ಪ್ಯಾನ್, ಬ್ಯಾಂಕಿನ ಪುಸ್ತಕ, ಎಸ್.ಎಸ್.ಎಲ್.ಸಿ. ಪುಸ್ತಕ ಇವು ನಾಲ್ಕನ್ನೂ ಎದುರಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ತಿದ್ದುಪಡಿ ಬೇಕಿದ್ದರೆ ಕೆಲಸಕ್ಕೆ ಸೇರುವ ಮೊದಲೇ ಹತ್ತಿರದ ಅಕ್ಷಯ ಕೇಂದ್ರಕ್ಕೆ ಹೋಗಿ ವಿಚಾರಿಸಿ.