ಮಯ್ಯತ್ತಿಗೊಂದು ಹೆಸರು

ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಶವಾಗಾರದಲ್ಲಿ, 2020ರಲ್ಲಿ ಕೋವಿಡ್‌ನಿಂದ ತೀರಿಕೊಂಡ ಇಬ್ಬರ ದೇಹಗಳು 2021ರ ನವೆಂಬರಿನಲ್ಲಿ ಪತ್ತೆಯಾದಾಗ ಈ ಭಾಗದ ನಮ್ಮ ಮನೆಗಳಲ್ಲೂ ಅದೇ ಮಾತು. ಆ ಇಬ್ಬರಿಗೆ ಹೆಸರಾದರೂ ಇತ್ತು. ಹೆಸರೇ ಇಲ್ಲದೆ ಮಣ್ಣು ಸೇರಿದವರು ನಮ್ಮ ಮಂಗಳೂರಿನಲ್ಲಿದ್ದಾರೆ.

2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ಕಂದಕಕ್ಕೆ ಉರುಳಿ 158 ಮಂದಿ ಹೋದರು. ಅದರಲ್ಲಿ ನಮ್ಮವರೂ ಎಷ್ಟೋ ಮಂದಿ. ಸುಟ್ಟ ದೇಹಗಳನ್ನು ಉಂಗುರ, ವಾಚು, ಬಟ್ಟೆಯ ಚೂರು ನೋಡಿ ಮನೆಯವರು ಗುರುತಿಸಿ ಒಯ್ದರು. ಉಳಿದ 22 ದೇಹಗಳ ಡಿಎನ್‌ಎ ಪರೀಕ್ಷೆ ಹೈದರಾಬಾದಿನಲ್ಲಿ ನಡೆಯಿತು. 10 ದೇಹಗಳಿಗೆ ಮನೆಯವರು ಸಿಕ್ಕಿದರು, 12 ಯಾರ ರಕ್ತಕ್ಕೂ ಹೊಂದಲಿಲ್ಲ. ಗಡಿಬಿಡಿಯಲ್ಲಿ ಒಬ್ಬರ ಮಯ್ಯತ್ ಇನ್ನೊಬ್ಬರ ಮನೆಗೆ ಹೋಗಿದೆ ಎಂದೇ ಅದರ ಅರ್ಥ. ಆ 12 ಮಂದಿ ಕೂಳೂರಿನಲ್ಲಿ, ನದಿಯ ಬದಿ ಮಲಗಿದ್ದಾರೆ. ಒಯ್ದವರನ್ನು ದೂರುವಂತಿಲ್ಲ, ಆ ದಿನ ಯಾರ ಕಣ್ಣಿಗೆ ಏನು ಕಂಡೀತು?

ದಫನ ಬೇಗ ಮಾಡಬೇಕೆಂಬುದು ಸರಿ. ಆದರೆ ಯಾರ ದೇಹವೆಂದು ಖಚಿತವಾಗುವವರೆಗೆ ಎರಡು ದಿನ ಕಾಯುವುದು ಅದಕ್ಕೆ ವಿರುದ್ಧವಲ್ಲ ಎಂದೇ ನಮ್ಮ ತಿಳಿವಳಿಕೆ. ರಕ್ತದ ಸ್ಯಾಂಪಲ್ ಕೇಳಿದರೆ ಹಿಂದೆ ಸರಿಯಬಾರದು. ನೀರಿನಲ್ಲೋ ಬೆಂಕಿಯಲ್ಲೋ ಕಾಣೆಯಾದವನ ಸಾವು ಖಚಿತವಾಗದಿದ್ದರೆ ಹೆಂಡತಿಯ ಇದ್ದತ್, ಮಕ್ಕಳ ಮೀರಾಸ್ ಎಲ್ಲಾ ನೇತಾಡುತ್ತದಲ್ಲ.

ಈ ವಿದ್ಯೆಯನ್ನು ನಮ್ಮ ಮಕ್ಕಳು ಯಾಕೆ ಕಲಿಯಬಾರದು? ಸೊಂಟದ ಎಲುಬಿನಿಂದ ಗಂಡೋ ಹೆಣ್ಣೋ, ಹಲ್ಲು ಮತ್ತು ಎಲುಬಿನ ಬೆಳವಣಿಗೆಯಿಂದ ಪ್ರಾಯ, ತೊಡೆಯ ಎಲುಬಿನ ಅಳತೆಯಿಂದ ಎತ್ತರ, ಹಲ್ಲಿನಿಂದ ಡಿಎನ್‌ಎ ಎಲ್ಲಾ ಹೇಳಬಹುದು. ಪಿಯುಸಿ ಸೈನ್ಸ್ ಆದವರಿಗೆ ದಾರಿ ಇದೆ. ಧಾರವಾಡದಲ್ಲೇ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ರಾಜ್ಯದ ದೊಡ್ಡ ಪ್ರಯೋಗಾಲಯ ಇಲ್ಲೇ ಮಡಿವಾಳದಲ್ಲಿ. ಎಲ್ಲರೂ ಇಂಜಿನಿಯರಿಂಗ್ ಸೀಟಿನ ಹಿಂದೆಯೇ ಓಡಬೇಕೆಂದಿಲ್ಲ.

"ಹೆಣ್ಣುಮಕ್ಕಳಿಗೆ ಹೆಣ ನೋಡುವ ಕೆಲಸವಾ?" ಎನ್ನುವವರಿದ್ದಾರೆ. ನಮ್ಮ ಮನೆಗಳಲ್ಲಿ ಹೆಂಗಸರ ಮಯ್ಯತ್ತನ್ನು ತೊಳೆಯುವವರು ಯಾರು? ಉಹುದ್ ಯುದ್ಧದಲ್ಲಿ 80ಕ್ಕೂ ಹೆಚ್ಚು ಗಾಯಗಳಾಗಿ ಗುರುತೇ ಸಿಗದಂತಾಗಿದ್ದ ಅನಸ್ ಬಿನ್ ನಳ್ರ್ (ರ.) ಅವರನ್ನು ಬೆರಳ ತುದಿ ನೋಡಿ ಗುರುತಿಸಿದ್ದು ಅವರ ಸಹೋದರಿ.