ಮಸಿ ಒರೆಸಿದ ಅಡುಗೆಮನೆ

ಹಳ್ಳಿಮನೆಯ ಒಳಾಂಗಣವೆಂದು ನಗರದ ಪ್ರದರ್ಶನಗಳಲ್ಲಿ ತೂಗಿಹಾಕುವ ತೈಲಚಿತ್ರಗಳನ್ನು ನೋಡಿ. ಗವಾಕ್ಷಿಯಿಂದ ಹೊಂಬಿಸಿಲು, ಫಳಫಳ ಹೊಳೆಯುವ ತಾಮ್ರದ ಹಂಡೆ, ಮೂಲೆಗೆಲ್ಲ ಟ್ಯೂಬಿನಿಂದ ಹಿಂಡಿದ ಕಪ್ಪು! ಊರು ಬಿಟ್ಟು ಬಂದ ನಮ್ಮ ಹಂಬಲಕ್ಕೆ ಹಚ್ಚಿದ ವಾರ್ನಿಷ್ ಇದು.

ವ್ಯಾನ್ ಗೋ 1885ರಲ್ಲಿ ಹಾಲೆಂಡಿನ ನ್ಯೂನೆನ್ ಹಳ್ಳಿಯಲ್ಲಿ ಬರೆದ 'ಆಲೂಗಡ್ಡೆ ತಿನ್ನುವವರು' ಚಿತ್ರವನ್ನು ನೆನೆಯಿರಿ. ಒಂದೇ ತೂಗುದೀಪ, ಐದು ಜನ. ನೆಲ ಅಗೆದ ಕೈಗಳೇ ತಟ್ಟೆಗೆ ಚಾಚಿವೆ. ಚಿತ್ರಕ್ಕೆಲ್ಲ ಸಿಪ್ಪೆ ಸುಲಿಯದ, ಮಣ್ಣು ಮೆತ್ತಿದ ಆಲೂಗಡ್ಡೆಯದೇ ಬಣ್ಣ. ಅಲ್ಲಿ ಬಿಳಿಯಾಗಿ ಕಾಣುವುದು ಕೆಂಪು, ನೀಲಿ, ಹಳದಿ ಬೆರೆಸಿದ ಗಾಢ ಬೂದು. ಸುತ್ತಲಿನ ಕತ್ತಲೆಯೇ ಅದನ್ನು ಬೆಳಗಿಸಿದೆ. ಅದರ ಕಲ್ಲಚ್ಚಿನ ಪ್ರತಿ ನೋಡಿ ಗೆಳೆಯ ವಾನ್ ರಪಾರ್ಡನೇ ಹಳಿದ. ಕಲಾವಿದ ಜಗ್ಗಲಿಲ್ಲ.

ಅಂದವೇ ಕಲೆಯೆನ್ನುವವರನ್ನು ಕೇಳುತ್ತೇನೆ: ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು ಆ ಹಂಡೆಯಡಿ ಒಲೆ ಊದಿದವಳು ನಿಮ್ಮ ಚಿತ್ರದಲ್ಲಿ ಎಲ್ಲಿ? ನೆರಳಿಗೂ ಬಣ್ಣವುಂಟು, ಅದರೊಳಗೆ ಜನರೂ ಉಂಟು. ಅವರ ಮುಖ ಮೂಡುವವರೆಗೆ ಕತ್ತಲನ್ನು ದಿಟ್ಟಿಸುವ ತಾಳ್ಮೆಯಿಲ್ಲದವರು ಒಳಮನೆಯ ಗೊಡವೆಗೆ ಹೋಗದಿರಲಿ. ಅಂಗಳದ ತೆಂಗಿನಮರ ಬರೆದುಕೊಂಡಿರಲಿ.